ಮೀನುಗಾರಿಕೆ ಬೋಟಿನಲ್ಲಿ ಸೆನ್ಸರ್ ಮತ್ತು ಪರದೆಗಳ ಜಾಲ ಜೋಡಣೆ

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಮುಂತಾದ ಬಂದರುಗಳಲ್ಲಿ ಈ ಅವಧಿಯಲ್ಲಿ ಬೋಟಿನ ಒಡಲು, ಬಣ್ಣ, ಎಂಜಿನ್ ಮತ್ತು ಬಲೆಗಳ ದುರಸ್ತಿ ನಡೆಯುತ್ತದೆ. ಆದರೆ ಚಾಲಕನ ಕೋಣೆಯ ತಂತಿಗಳ ಕಡೆಗೆ ಗಮನ ಹರಿಸುವವರು ಕಡಿಮೆ. ವರ್ಷಕ್ಕೊಂದರಂತೆ ಕೊಂಡ ಉಪಕರಣಗಳನ್ನು ಆಗಾಗ ಸಿಕ್ಕ ತಂತಿಯಿಂದ ಸಿಕ್ಕ ಕಡೆಗೆ ಜೋಡಿಸಿ, ಮೇಲೆ ಟೇಪು ಸುತ್ತಿ ಬಿಡುವುದು ಸಾಮಾನ್ಯ. ಇಂತಹ ಜೋಡಣೆ ದಡದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಬೋಟು ತುಂಬಿದ ಹೊರೆಯೊಂದಿಗೆ, ಕತ್ತಲಾಗುವ ವೇಳೆಗೆ, ಮರಳು ದಿಬ್ಬ ಬೆಳೆದಿರುವ ಅಳಿವೆಯ ಬಾಯಿಗೆ ಬಂದಾಗ ಆಳ ತೋರಿಸುವ ಪರದೆ ಮಂಕಾದರೆ ತಾಂಡೇಲನಿಗೆ ಎರಡನೆಯ ಅವಕಾಶವಿರುವುದಿಲ್ಲ.

ಈಗ ದೊರೆಯುವ ಆಳಮಾಪಕ, ಜಿ.ಪಿ.ಎಸ್., ವಿದ್ಯುನ್ಮಾನ ದಿಕ್ಸೂಚಿ, ಎಂಜಿನ್ ಮಾಪಕ, ಇಂಧನ ಮಾಪಕ ಮುಂತಾದ ಬಹುಪಾಲು ಉಪಕರಣಗಳನ್ನು ಒಂದೇ ಕೇಬಲಿನ ಜಾಲಕ್ಕೆ ಸೇರಿಸಬಹುದು. ಈ ಜಾಲದ ರಚನೆ, ಜೋಡಣೆಯ ಕ್ರಮ ಮತ್ತು ದೋಷ ಪತ್ತೆಯ ವಿಧಾನಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಜಾಲದ ಅಗತ್ಯ

ಬೋಟಿನ ಉಪಕರಣಗಳು ಒಂದರೊಡನೊಂದು ಮಾಹಿತಿ ಹಂಚಿಕೊಳ್ಳಲು ಅಮೆರಿಕದ ರಾಷ್ಟ್ರೀಯ ನೌಕಾ ವಿದ್ಯುನ್ಮಾನ ಸಂಘವು 1983ರಲ್ಲಿ ಒಂದು ಕ್ರಮವನ್ನು ರೂಪಿಸಿತು. ಇದಕ್ಕೆ ಎನ್.ಎಂ.ಇ.ಎ. 0183 ಎಂದು ಹೆಸರು. ಈ ಕ್ರಮದಲ್ಲಿ ಒಂದು ತಂತಿಜೋಡಿಯ ಮೇಲೆ ಒಂದೇ ಉಪಕರಣ ಮಾತನಾಡುತ್ತದೆ, ಉಳಿದವು ಕೇಳುತ್ತವೆ. ಸಾಮಾನ್ಯ ವೇಗ ಸೆಕೆಂಡಿಗೆ 4,800 ಬಿಟ್. ಮೂರು ಉಪಕರಣಗಳು ಮಾಹಿತಿ ಕೊಡಬೇಕಾದರೆ ಮೂರು ತಂತಿಜೋಡಿಗಳು ಬೇಕು. ಉಪಕರಣಗಳು ಹೆಚ್ಚಿದಂತೆ ತಂತಿಗಳ ಗೋಜಲೂ ಹೆಚ್ಚುತ್ತದೆ.

ಈ ತೊಂದರೆಯನ್ನು ನಿವಾರಿಸಲು ಅದೇ ಸಂಘವು 2001ರಲ್ಲಿ ಎನ್.ಎಂ.ಇ.ಎ. 2000 ಎಂಬ ಜಾಲವನ್ನು ಹೊರತಂದಿತು. ಮೋಟಾರು ವಾಹನಗಳಿಗಾಗಿ ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಪದ್ಧತಿಯೇ ಇದರ ಅಡಿಪಾಯ. ವೇಗ ಸೆಕೆಂಡಿಗೆ 2,50,000 ಬಿಟ್. ಇದರಲ್ಲಿ ಎಲ್ಲ ಉಪಕರಣಗಳೂ ಒಂದೇ ಕೇಬಲಿನ ಮೇಲೆ ಮಾತನಾಡಬಲ್ಲವು, ಎಲ್ಲವೂ ಕೇಳಬಲ್ಲವು. ಒಂದು ಆಳಮಾಪಕವನ್ನು ಜೋಡಿಸಿದರೆ ಅದರ ಅಂಕಿಯನ್ನು ಚಾಲಕನ ಮುಂದಿನ ಪರದೆಯಲ್ಲಿಯೂ, ಹಿಂಭಾಗದಲ್ಲಿ ಬಲೆ ಎಳೆಯುವವರ ಬಳಿ ಇರುವ ಸಣ್ಣ ಪರದೆಯಲ್ಲಿಯೂ ಒಟ್ಟಿಗೆ ನೋಡಬಹುದು. ಒಂದು ತಯಾರಕರ ಸೆನ್ಸರಿನ ಅಂಕಿಯನ್ನು ಇನ್ನೊಂದು ತಯಾರಕರ ಪರದೆ ಓದಬಲ್ಲದು.

ಆದರೆ ಈ ಕೇಬಲಿನಲ್ಲಿ ಅಂಕಿಗಳು ಮಾತ್ರ ಹರಿಯುತ್ತವೆ. ಮೀನು ಶೋಧಕದ ಪ್ರತಿಧ್ವನಿ ಚಿತ್ರವಾಗಲಿ, ರೇಡಾರ್ ಚಿತ್ರವಾಗಲಿ ಇದರಲ್ಲಿ ಹಿಡಿಸುವುದಿಲ್ಲ. ಅವುಗಳಿಗೆ ಈಥರ್‌ನೆಟ್ ಎಂಬ ಬೇರೆಯೇ ಕೇಬಲ್ ಬೇಕು.

ಜಾಲದ ಅಂಗಗಳು

ತುಂತುರು ಅಥವಾ ಹನಿ ನೀರಾವರಿ ಕಂಡವರಿಗೆ ಈ ಜಾಲದ ರೂಪ ಹೊಸದೆನಿಸದು. ತೋಟದಲ್ಲಿ ಒಂದು ಮುಖ್ಯ ಕೊಳವೆ, ಅದರ ಮೇಲೆ ಟೀ ಜೋಡಣೆಗಳು, ಟೀಯಿಂದ ಹೊರಡುವ ಕವಲು ಕೊಳವೆಗಳು, ಕೊನೆಗೆ ಮುಚ್ಚಳ ಇರುವಂತೆ ಇಲ್ಲಿಯೂ ಅಂಗಗಳಿವೆ.

1. ಮುಖ್ಯ ಕೇಬಲ್: ಬೋಟಿನ ಮುಂಭಾಗದಿಂದ ಹಿಂಭಾಗದವರೆಗೆ ಒಂದೇ ಸಾಲಾಗಿ ಹೋಗುವ ಕೇಬಲ್. ಇದನ್ನು ಬೆನ್ನೆಲುಬು ಎಂದೂ ಕರೆಯುತ್ತಾರೆ. ಇದು ಕವಲೊಡೆಯಕೂಡದು, ಸುತ್ತಿ ಬಂದು ತನಗೆ ತಾನೇ ಸೇರಿಕೊಳ್ಳಲೂ ಕೂಡದು.

2. ಟೀ ಜೋಡಣೆ: ಮುಖ್ಯ ಕೇಬಲಿನ ನಡುನಡುವೆ ಸೇರಿಸುವ ಮೂರು ಬಾಯಿಯ ತುಂಡು. ಎರಡು ಬಾಯಿ ಮುಖ್ಯ ಸಾಲಿಗೆ, ಮೂರನೆಯದು ಉಪಕರಣಕ್ಕೆ.

3. ಕವಲು ಕೇಬಲ್: ಟೀಯಿಂದ ಒಂದು ಉಪಕರಣಕ್ಕೆ ಹೋಗುವ ಗಿಡ್ಡ ಕೇಬಲ್.

4. ಟರ್ಮಿನೇಟರ್: ಮುಖ್ಯ ಸಾಲಿನ ಎರಡೂ ತುದಿಗಳಲ್ಲಿ ತಿರುಗಿಸಿ ಕೂರಿಸುವ 120 ಓಮ್ ರೋಧಕ.

5. ವಿದ್ಯುತ್ ಟೀ: ಬ್ಯಾಟರಿಯಿಂದ 12 ವೋಲ್ಟ್ ವಿದ್ಯುತ್ತನ್ನು ಫ್ಯೂಸಿನ ಮೂಲಕ ಜಾಲಕ್ಕೆ ಕೊಡುವ ಟೀ.

ಕೇಬಲಿನ ಒಳಗೆ ಐದು ಎಳೆಗಳಿರುತ್ತವೆ. ಕೆಂಪು ಮತ್ತು ಕಪ್ಪು ಎಳೆಗಳು ವಿದ್ಯುತ್ತಿಗೆ. ಕೆಂಪು ಧನ, ಕಪ್ಪು ಋಣ. ಬಿಳಿ ಮತ್ತು ನೀಲಿ ಎಳೆಗಳು ಮಾಹಿತಿಗೆ. ಐದನೆಯದು ಬರಿ ತಂತಿ. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಕವಚಕ್ಕೆ ಸೇರಿದ್ದು. ಈ ಕವಚದ ತಂತಿಯನ್ನು ವಿದ್ಯುತ್ ಕೊಡುವ ಒಂದೇ ಜಾಗದಲ್ಲಿ ಭೂಸಂಪರ್ಕಕ್ಕೆ ಸೇರಿಸಬೇಕು. ಎರಡು ಕಡೆ ಸೇರಿಸಿದರೆ ಕವಚದಲ್ಲಿಯೇ ವಿದ್ಯುತ್ ಹರಿದು ಲಾಭಕ್ಕೆ ಬದಲು ನಷ್ಟವಾಗುತ್ತದೆ.

ಟರ್ಮಿನೇಟರ್ ವಿಷಯದಲ್ಲಿ ಮಾತ್ರ ಹನಿ ನೀರಾವರಿಯ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಕೊಳವೆಯ ಮುಚ್ಚಳ ನೀರನ್ನು ತಡೆದು ನಿಲ್ಲಿಸುತ್ತದೆ. ಟರ್ಮಿನೇಟರಿನ ಕೆಲಸ ಬೇರೆ. ಬಂದರಿನ ಕಲ್ಲುಗೋಡೆಗೆ ಬಡಿದ ಅಲೆ ಹಿಂದಿರುಗಿ ಬಂದು ಮುಂದಿನ ಅಲೆಯೊಡನೆ ಕಲಸಿಕೊಳ್ಳುತ್ತದೆ. ಇಳಿಜಾರು ಮರಳಿನ ದಡಕ್ಕೆ ಬಂದ ಅಲೆ ಅಲ್ಲಿಯೇ ಅಡಗುತ್ತದೆ. ತೆರೆದ ತಂತಿಯ ತುದಿ ಕಲ್ಲುಗೋಡೆಯಂತೆ, ಟರ್ಮಿನೇಟರ್ ಮರಳು ದಡದಂತೆ. ಅದಿಲ್ಲದಿದ್ದರೆ ಮಾಹಿತಿಯ ಸಂಕೇತ ಹಿಂದಕ್ಕೆ ಪುಟಿದು ಮುಂದಿನ ಸಂಕೇತವನ್ನು ಕೆಡಿಸುತ್ತದೆ. ಗಿಡ್ಡ ಜಾಲದಲ್ಲಿ ಒಂದು ಟರ್ಮಿನೇಟರ್ ಇಲ್ಲದಿದ್ದರೂ ಕೆಲವು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇನ್ನೊಂದು ಉಪಕರಣ ಸೇರಿಸಿದಾಗ ಅಂಕಿಗಳು ಬಂದು ಹೋಗಲು ಆರಂಭವಾಗುತ್ತವೆ. ಆಗ ಹೊಸ ಉಪಕರಣವೇ ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸುವವರು ಉಂಟು.

ಒಂದೇ ತಂತಿಯಲ್ಲಿ ಎಲ್ಲರ ಮಾತು

ಇಷ್ಟು ಉಪಕರಣಗಳು ಒಂದೇ ತಂತಿಯಲ್ಲಿ ಮಾತನಾಡಿದರೆ ಗೊಂದಲವಾಗದೆ? ಈ ಪ್ರಶ್ನೆಗೆ ಕ್ಯಾನ್ ಪದ್ಧತಿಯ ಉತ್ತರ ಸರಳವಾಗಿದೆ. ಪ್ರತಿ ಸಂದೇಶದ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಸೊನ್ನೆ ಮತ್ತು ಒಂದುಗಳ ಸಾಲಾಗಿ ಹೊರಡುತ್ತದೆ. ತಂತಿಯ ಮೇಲೆ ಸೊನ್ನೆ ಮತ್ತು ಒಂದು ಒಟ್ಟಿಗೆ ಬಿದ್ದರೆ ಸೊನ್ನೆಯೇ ಉಳಿಯುತ್ತದೆ. ಮಾತನಾಡುವ ಪ್ರತಿ ಉಪಕರಣವೂ ತಾನು ಹೇಳಿದ್ದೇ ತಂತಿಯಲ್ಲಿ ಕೇಳುತ್ತಿದೆಯೇ ಎಂದು ಗಮನಿಸುತ್ತಿರುತ್ತದೆ. ತಾನು ‘ಒಂದು’ ಎಂದಾಗ ತಂತಿಯಲ್ಲಿ ‘ಸೊನ್ನೆ’ ಕೇಳಿದರೆ, ತನಗಿಂತ ಮುಖ್ಯವಾದ ಸಂದೇಶ ಹೊರಟಿದೆ ಎಂದು ತಿಳಿದು ಸುಮ್ಮನಾಗುತ್ತದೆ. ಮುಖ್ಯ ಸಂದೇಶ ಮುಗಿದ ಮೇಲೆ ಮತ್ತೆ ಪ್ರಯತ್ನಿಸುತ್ತದೆ. ಗೆದ್ದ ಸಂದೇಶಕ್ಕೆ ಯಾವ ಅಡ್ಡಿಯೂ ಆಗಿರುವುದಿಲ್ಲ.

ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ದಿಕ್ಕಿನ ಸಂದೇಶಕ್ಕೆ ರೂಢಿಯ ಆದ್ಯತೆ 2, ಆಳಕ್ಕೆ 3, ಇಂಧನದ ಮಟ್ಟಕ್ಕೆ 6. ಇಂಧನದ ಅಂಕಿ ಒಂದು ಕ್ಷಣ ತಡವಾದರೆ ನಷ್ಟವಿಲ್ಲ. ದಿಕ್ಕು ತಡವಾಗಕೂಡದು ಎಂಬ ವಿವೇಕ ಇದರಲ್ಲಿದೆ.

ಕೇಬಲಿನ ಉದ್ದಕ್ಕೆ ಮಿತಿ ಇರುವುದಕ್ಕೂ ಇದೇ ಕಾರಣ. ಸೆಕೆಂಡಿಗೆ 2,50,000 ಬಿಟ್ ಎಂದರೆ ಒಂದು ಬಿಟ್‌ಗೆ ಸೆಕೆಂಡಿನ ಹತ್ತು ಲಕ್ಷದ 4 ಭಾಗದಷ್ಟೇ ಕಾಲ. ಆ ಕಾಲದೊಳಗೆ ಒಂದು ತುದಿಯ ಮಾತು ಇನ್ನೊಂದು ತುದಿಗೆ ಮುಟ್ಟಿ, ಅಲ್ಲಿಯ ಮಾತು ಹಿಂದಿರುಗಿ ಬರಬೇಕು. ಕೇಬಲ್ ಅತಿ ಉದ್ದವಾದರೆ ಯಾರು ಸುಮ್ಮನಾಗಬೇಕೆಂಬುದೇ ತಿಳಿಯದೆ ಹೋಗುತ್ತದೆ.

ಪಾಲಿಸಬೇಕಾದ ಮಿತಿಗಳು

ಸಾಮಾನ್ಯವಾಗಿ ಬೋಟುಗಳಲ್ಲಿ ಬಳಸುವ ಸಣ್ಣ ಗಾತ್ರದ, ಐದು ಕಡ್ಡಿಯ ತಿರುಪು ಕನೆಕ್ಟರಿನ ಕೇಬಲಿಗೆ ಕೆಳಗಿನ ಮಿತಿಗಳು ಅನ್ವಯಿಸುತ್ತವೆ.

ಮುಖ್ಯ ಕೇಬಲಿನ ಗರಿಷ್ಠ ಉದ್ದ – 100 ಮೀಟರ್
ಒಂದು ಕವಲು ಕೇಬಲಿನ ಗರಿಷ್ಠ ಉದ್ದ – 6 ಮೀಟರ್
ಎಲ್ಲ ಕವಲುಗಳ ಒಟ್ಟು ಉದ್ದ – 78 ಮೀಟರ್
ಜೋಡಿಸಬಹುದಾದ ಉಪಕರಣಗಳು – 50
ಟರ್ಮಿನೇಟರುಗಳು – 2, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ
ಉಪಕರಣಕ್ಕೆ ಬೇಕಾದ ವಿದ್ಯುತ್ – 9ರಿಂದ 16 ವೋಲ್ಟ್

ನಮ್ಮ ಬೋಟುಗಳಲ್ಲಿ 100 ಮೀಟರ್ ಮೀರುವ ಪ್ರಸಂಗ ಬರುವುದಿಲ್ಲ. ಆದರೆ ಕವಲಿನ 6 ಮೀಟರ್ ಮಿತಿಯನ್ನು ಮೀರುವುದು ಸುಲಭ. ಚಾಲಕನ ಕೋಣೆಯಲ್ಲಿ ಎಲ್ಲ ಟೀಗಳನ್ನೂ ಒಟ್ಟಿಗೆ ಕೂರಿಸಿ, ಎಂಜಿನ್ ಕೋಣೆಗೂ ಕಂಬದ ತುದಿಗೂ ಉದ್ದನೆಯ ಕವಲು ಎಳೆಯುವುದು ತಪ್ಪು ಕ್ರಮ. ಉಪಕರಣ ಇರುವಲ್ಲಿಗೆ ಮುಖ್ಯ ಕೇಬಲನ್ನೇ ಒಯ್ಯಬೇಕು, ಕವಲು ಗಿಡ್ಡವಾಗಿರಬೇಕು.

ರೇಮರೀನ್, ಸಿಮ್‌ರಾಡ್ ಮುಂತಾದ ಕೆಲವು ತಯಾರಕರು ಇದೇ ಜಾಲಕ್ಕೆ ತಮ್ಮದೇ ಆಕಾರದ ಕನೆಕ್ಟರುಗಳನ್ನು ಬಳಸಿರುವುದುಂಟು. ಇವನ್ನು ಸಾಮಾನ್ಯ ಕನೆಕ್ಟರಿಗೆ ಹೊಂದಿಸುವ ಸಿದ್ಧ ಕೇಬಲ್ ದೊರೆಯುತ್ತದೆ. ಕನೆಕ್ಟರ್ ಕತ್ತರಿಸಿ ಎಳೆಗಳನ್ನು ಹೊಸೆದು ಸೇರಿಸಬಾರದು.

ವಿದ್ಯುತ್ ಪೂರೈಕೆ

ಜಾಲದ ದೋಷಗಳಲ್ಲಿ ಬಹುಪಾಲು ವಿದ್ಯುತ್ತಿಗೆ ಸಂಬಂಧಿಸಿದವು. ಆದುದರಿಂದ ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

ಪ್ರತಿ ಉಪಕರಣದ ಮೇಲೆ ಅದು ಜಾಲದಿಂದ ಎಳೆಯುವ ವಿದ್ಯುತ್ತಿನ ಭಾರ ಸಂಖ್ಯೆಯನ್ನು ನಮೂದಿಸಿರುತ್ತಾರೆ. ಒಂದು ಭಾರ ಎಂದರೆ 50 ಮಿಲಿ ಆಂಪಿಯರ್. ಎಲ್ಲ ಉಪಕರಣಗಳ ಭಾರ ಸಂಖ್ಯೆಗಳನ್ನು ಕೂಡಿಸಿದರೆ ಜಾಲದ ಒಟ್ಟು ಭಾರ ದೊರೆಯುತ್ತದೆ. ದೊಡ್ಡ ಪರದೆಗಳು ಸಾಮಾನ್ಯವಾಗಿ ಬ್ಯಾಟರಿಯಿಂದ ಬೇರೆಯಾಗಿ ವಿದ್ಯುತ್ ಪಡೆಯುವುದರಿಂದ ಅವುಗಳ ಭಾರ ಜಾಲಕ್ಕೆ ಕಡಿಮೆ. ಸಣ್ಣ ಪರದೆಗಳೂ ಸೆನ್ಸರುಗಳೂ ಜಾಲದಿಂದಲೇ ವಿದ್ಯುತ್ ಪಡೆಯುತ್ತವೆ.

ಉದ್ದನೆಯ ಕೊಳವೆಯ ಕೊನೆಯಲ್ಲಿ ನೀರಿನ ಒತ್ತಡ ಇಳಿಯುವಂತೆ ಉದ್ದನೆಯ ಕೇಬಲಿನ ಕೊನೆಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಎಷ್ಟು ಇಳಿಯುವುದೆಂದು ಮೊದಲೇ ಲೆಕ್ಕ ಹಾಕಬಹುದು. ಸಣ್ಣ ಕೇಬಲಿನ ವಿದ್ಯುತ್ ಎಳೆಯ ರೋಧ ಮೀಟರಿಗೆ ಸುಮಾರು 0.057 ಓಮ್. ಲೆಕ್ಕದ ಸೂತ್ರ ಹೀಗಿದೆ:

ವೋಲ್ಟೇಜ್ ಇಳಿತ = 0.1 × ಒಟ್ಟು ಭಾರ × ಉದ್ದ ಮೀಟರುಗಳಲ್ಲಿ × 0.057

ಉದಾಹರಣೆಗೆ, ಮುಖ್ಯ ಕೇಬಲ್ 20 ಮೀಟರ್, ಒಟ್ಟು ಭಾರ 20 ಎಂದಿಟ್ಟುಕೊಳ್ಳೋಣ. ವಿದ್ಯುತ್ತನ್ನು ಒಂದು ತುದಿಯಿಂದ ಕೊಟ್ಟು, ಎಲ್ಲ ಭಾರವೂ ಇನ್ನೊಂದು ತುದಿಯಲ್ಲಿದೆ ಎಂದು ಭಾವಿಸಿದರೆ ಇಳಿತ 0.1 × 20 × 20 × 0.057 = 2.28 ವೋಲ್ಟ್. ಬ್ಯಾಟರಿಯಲ್ಲಿ 12 ವೋಲ್ಟ್ ಇರುವಾಗ ತುದಿಯಲ್ಲಿ 9.7 ವೋಲ್ಟ್ ಸಿಗುತ್ತದೆ. ಉಪಕರಣ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ದೀಪ ಉರಿದು ಬ್ಯಾಟರಿ 11 ವೋಲ್ಟಿಗೆ ಇಳಿದರೆ ತುದಿಯಲ್ಲಿ 8.7 ವೋಲ್ಟ್ ಮಾತ್ರ. ಸೆನ್ಸರ್ ನಿಂತುಹೋಗುತ್ತದೆ. ಸೆನ್ಸರಿನಲ್ಲಿ ಯಾವ ದೋಷವೂ ಇರುವುದಿಲ್ಲ.

ಈಗ ಅದೇ ಜಾಲಕ್ಕೆ ನಡುವಿನಿಂದ ವಿದ್ಯುತ್ ಕೊಟ್ಟು, ಎರಡೂ ಕಡೆಗೆ 10 ಮೀಟರ್ ಮತ್ತು 10 ಭಾರ ಹಂಚಿಕೆಯಾಗುವಂತೆ ಮಾಡಿದರೆ ಇಳಿತ 0.1 × 10 × 10 × 0.057 = 0.57 ವೋಲ್ಟ್, ಅಂದರೆ ಮೊದಲಿನ ಕಾಲುಭಾಗ. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಟೀಯ ಜಾಗ ಬದಲಿಸಿದ್ದರಿಂದಲೇ ಈ ಲಾಭ. ಇಳಿತ 1.5 ವೋಲ್ಟ್ ಮೀರದಂತೆ ನೋಡಿಕೊಳ್ಳುವುದು ರೂಢಿಯ ನಿಯಮ.

ಇದರೊಂದಿಗೆ ಕೆಳಗಿನ ಮೂರು ಎಚ್ಚರಿಕೆಗಳನ್ನು ಪಾಲಿಸಬೇಕು.

ಮೊದಲನೆಯದಾಗಿ, 24 ವೋಲ್ಟ್ ಬ್ಯಾಟರಿ ಇರುವ ಬೋಟುಗಳಲ್ಲಿ ಜಾಲವನ್ನು ನೇರವಾಗಿ ಜೋಡಿಸಿದರೆ ಉಪಕರಣಗಳು ಸುಟ್ಟುಹೋಗಬಹುದು. 24 ವೋಲ್ಟನ್ನು 12ಕ್ಕೆ ಇಳಿಸುವ ಪರಿವರ್ತಕವನ್ನು ಕಡ್ಡಾಯವಾಗಿ ಬಳಸಬೇಕು. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದ್ದು ತೆಗೆಯುವುದರಿಂದ ಆ ಬ್ಯಾಟರಿ ಬೇಗ ಹಾಳಾಗುತ್ತದೆ.

ಎರಡನೆಯದಾಗಿ, ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ಜಾಲಕ್ಕೆ ವಿದ್ಯುತ್ ಕೊಡಬಾರದು. ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಎಲ್ಲ ಉಪಕರಣಗಳೂ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ.

ಮೂರನೆಯದಾಗಿ, ಜಾಲಕ್ಕೆ ಒಂದೇ ಕಡೆಯಿಂದ, ತನ್ನದೇ ಸ್ವಿಚ್ಚು ಮತ್ತು ಫ್ಯೂಸಿನ ಮೂಲಕ ವಿದ್ಯುತ್ ಕೊಡಬೇಕು. ಸಣ್ಣ ಕೇಬಲಿನ ಜಾಲಕ್ಕೆ ಸಾಮಾನ್ಯವಾಗಿ 3 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಹೋದರೆ ಕಾರಣ ಹುಡುಕಬೇಕೇ ಹೊರತು ತಾಮ್ರದ ತಂತಿ ಸುತ್ತಬಾರದು.

ಜೋಡಿಸುವ ಕ್ರಮ

1. ಮೊದಲು ಕಾಗದದ ಮೇಲೆ ಬೋಟಿನ ನಕ್ಷೆ ಬರೆದು ಪ್ರತಿ ಉಪಕರಣದ ಜಾಗ, ಟೀಗಳ ಜಾಗ ಮತ್ತು ಉದ್ದಗಳನ್ನು ಗುರುತಿಸಬೇಕು. ಭಾರ ಮತ್ತು ವೋಲ್ಟೇಜ್ ಇಳಿತವನ್ನು ಲೆಕ್ಕ ಹಾಕಿದ ಮೇಲೆಯೇ ಕೇಬಲ್ ಕೊಳ್ಳಬೇಕು.

2. ಕೇಬಲನ್ನು ಬೋಟಿನ ತಳದ ನೀರು ನಿಲ್ಲದ ಎತ್ತರದಲ್ಲಿ ಒಯ್ಯಬೇಕು. ಕನೆಕ್ಟರಿಗೆ ಮುಂಚೆ ಕೇಬಲ್ ಸ್ವಲ್ಪ ಕೆಳಗೆ ಬಾಗಿ ಮೇಲೆ ಏರುವಂತೆ ಮಾಡಿದರೆ, ಕೇಬಲಿನ ಗುಂಟ ಹರಿದು ಬಂದ ನೀರು ಬಾಗಿನಲ್ಲಿ ತೊಟ್ಟಿಕ್ಕುತ್ತದೆ. ಕನೆಕ್ಟರಿನ ಒಳಗೆ ಸೇರುವುದಿಲ್ಲ.

3. ಆಲ್ಟರ್ನೇಟರ್, ವಿಂಚ್ ಮೋಟಾರ್ ಮತ್ತು ವಿ.ಎಚ್.ಎಫ್. ಏರಿಯಲ್ಲಿನ ಕೇಬಲುಗಳಿಂದ ಒಂದು ಅಡಿಯಾದರೂ ದೂರವಿರಬೇಕು. ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಬೇಕು, ಜೊತೆಜೊತೆಯಾಗಿ ಓಡಿಸಬಾರದು.

4. ಟೀಗಳನ್ನು ಕೈಗೆ ಸಿಗುವ ಕಡೆ ಹಲಗೆಗೆ ಬಿಗಿಯಾಗಿ ಕೂರಿಸಬೇಕು. ಎಂಜಿನ್ನಿನ ಅದಿರಾಟಕ್ಕೆ ಜೋತಾಡುವ ಟೀ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಬಳಸದ ಬಾಯಿಗಳಿಗೆ ಮುಚ್ಚಳ ಹಾಕಬೇಕು. ಉಪ್ಪುನೀರಿನ ಒಂದು ಹನಿ ಕಡ್ಡಿಗಳ ನಡುವೆ ನಿಂತರೆ ಹಸಿರು ಕಿಲುಬು ಬೆಳೆದು ಇಡೀ ಜಾಲವನ್ನು ಕೆಡಿಸಬಲ್ಲದು.

5. ಎರಡೂ ತುದಿಗಳಲ್ಲಿ ಟರ್ಮಿನೇಟರ್ ಕೂರಿಸಿ, ವಿದ್ಯುತ್ ಕೊಡುವ ಮೊದಲು ರೋಧವನ್ನು ಅಳೆಯಬೇಕು. ವಿಧಾನವನ್ನು ಮುಂದೆ ಕೊಡಲಾಗಿದೆ.

6. ಉಪಕರಣಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಪರದೆಯ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿದೆಯೇ ಎಂದು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ.

7. ಒಂದೇ ಬಗೆಯ ಎರಡು ಉಪಕರಣಗಳಿದ್ದರೆ, ಉದಾಹರಣೆಗೆ ಎರಡು ಡೀಸೆಲ್ ಟ್ಯಾಂಕುಗಳ ಮಾಪಕಗಳಿದ್ದರೆ, ಒಂದಕ್ಕೆ 0, ಇನ್ನೊಂದಕ್ಕೆ 1 ಎಂದು ಕ್ರಮಸಂಖ್ಯೆ ಕೊಡಬೇಕು. ಇಲ್ಲವಾದರೆ ಪರದೆಯ ಅಂಕಿ ಒಮ್ಮೆ ಒಂದು ಟ್ಯಾಂಕಿನದು, ಒಮ್ಮೆ ಇನ್ನೊಂದರದು ಆಗಿ ಕುಣಿಯುತ್ತದೆ.

ಹಳೆಯ 0183 ಕ್ರಮದ ಉಪಕರಣ ಚೆನ್ನಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಎರಡು ಕ್ರಮಗಳ ನಡುವೆ ಭಾಷಾಂತರ ಮಾಡುವ ಪರಿವರ್ತಕದ ಮೂಲಕ ಅದನ್ನು ಹೊಸ ಜಾಲಕ್ಕೆ ಸೇರಿಸಬಹುದು.

ಸೆನ್ಸರುಗಳ ಹೊಂದಾಣಿಕೆ

ಜಾಲವು ಸೆನ್ಸರ್ ಹೇಳಿದ್ದನ್ನು ಪರದೆಗೆ ಮುಟ್ಟಿಸುತ್ತದೆ, ಅಷ್ಟೇ. ಹೇಳಿದ್ದು ಸರಿಯೇ ಎಂದು ಅದು ವಿಚಾರಿಸುವುದಿಲ್ಲ. ಆದುದರಿಂದ ಪ್ರತಿ ಸೆನ್ಸರನ್ನು ಹೊಂದಿಸಿ ಪರೀಕ್ಷಿಸುವುದು ಅಗತ್ಯ.

ಆಳಮಾಪಕ: ಇದರ ಸೆನ್ಸರನ್ನು ಪ್ರೊಪೆಲ್ಲರಿನ ನೊರೆ ಮತ್ತು ಗುಳ್ಳೆಗಳು ಬಾರದ ಕಡೆ ಕೂರಿಸಬೇಕು. ಮುಖದ ಮೇಲೆ ದಪ್ಪ ಬಣ್ಣ ಬಳಿಯಬಾರದು. ಸೆನ್ಸರ್ ಅಳೆಯುವುದು ತನ್ನ ಮುಖದಿಂದ ನೆಲದವರೆಗಿನ ದೂರವನ್ನು ಮಾತ್ರ. ಪರದೆಯಲ್ಲಿ ಏನು ಕಾಣಬೇಕೆಂಬುದನ್ನು ಬೋಟಿನವರು ನಿರ್ಧರಿಸಬೇಕು.

ಒಂದು ಬೋಟಿನಲ್ಲಿ ಸೆನ್ಸರ್ ನೀರಿನ ಮಟ್ಟದಿಂದ 0.8 ಮೀಟರ್ ಕೆಳಗೂ, ಕೀಲ್ ಅಂದರೆ ಅಡಿಮರ 1.8 ಮೀಟರ್ ಕೆಳಗೂ ಇದೆ ಎನ್ನೋಣ. ಸೆನ್ಸರಿನಿಂದ ನೆಲಕ್ಕೆ 2.5 ಮೀಟರ್ ಇದ್ದಾಗ ನೀರಿನ ಪೂರ್ಣ ಆಳ 3.3 ಮೀಟರ್, ಅಡಿಮರದ ಕೆಳಗೆ ಉಳಿದ ನೀರು 1.5 ಮೀಟರ್. ಯಾವ ಹೊಂದಾಣಿಕೆಯನ್ನೂ ಮಾಡದೆ ಬಿಟ್ಟರೆ ಪರದೆ 2.5 ಎನ್ನುತ್ತದೆ. ಅದನ್ನೇ ಅಡಿಮರದ ಕೆಳಗಿನ ನೀರೆಂದು ನಂಬಿದ ಚಾಲಕ ಒಂದು ಪೂರ್ತಿ ಮೀಟರ್ ಮೋಸಹೋಗುತ್ತಾನೆ. ಅಳಿವೆಯಲ್ಲಿ ಬೋಟು ನೆಲ ಕಚ್ಚಲು ಅಷ್ಟು ಸಾಕು.

ಅಳಿವೆ ದಾಟಬೇಕಾದ ಬೋಟುಗಳಲ್ಲಿ ‘ಅಡಿಮರದ ಕೆಳಗಿನ ನೀರು’ ಕಾಣುವಂತೆ ಹೊಂದಿಸುವುದು ಒಳ್ಳೆಯದು. ಸೆನ್ಸರ್ ಮತ್ತು ಅಡಿಮರ ಎರಡೂ ಬೋಟಿಗೇ ಅಂಟಿಕೊಂಡಿರುವುದರಿಂದ ಮೀನು, ಮಂಜುಗಡ್ಡೆ ತುಂಬಿ ಬೋಟು ಎಷ್ಟೇ ಕುಸಿದರೂ ಅವುಗಳ ನಡುವಿನ 1.0 ಮೀಟರ್ ಅಂತರ ಬದಲಾಗುವುದಿಲ್ಲ. ನೀರಿನ ಮಟ್ಟದಿಂದ ಎಣಿಸುವ ಹೊಂದಾಣಿಕೆ ಹೊರೆಯೊಂದಿಗೆ ಬದಲಾಗುತ್ತದೆ. ಈ ಹೊಂದಾಣಿಕೆಯನ್ನು ಪ್ರತಿ ಪರದೆಯಲ್ಲಿ ಬೇರೆಬೇರೆಯಾಗಿ ಮಾಡದೆ, ಸೆನ್ಸರಿನಲ್ಲಿಯೇ ಒಮ್ಮೆ ಮಾಡಿದರೆ ಎಲ್ಲ ಪರದೆಗಳೂ ಒಂದೇ ಅಂಕಿ ತೋರಿಸುತ್ತವೆ. ಅಲೆಯ ತಗ್ಗಿನಲ್ಲಿ ಬೋಟು ಇನ್ನಷ್ಟು ಇಳಿಯುವುದರಿಂದ ಅದಕ್ಕೂ ಅವಕಾಶ ಬಿಟ್ಟುಕೊಳ್ಳಬೇಕು.

ಅಳತೆಯ ಮಾನವನ್ನೂ ನೋಡಿಕೊಳ್ಳಬೇಕು. ಪರದೆಗಳಲ್ಲಿ ಮೀಟರ್, ಅಡಿ, ಫ್ಯಾದಮ್ ಎಂಬ ಮೂರೂ ಮಾನಗಳಿರುತ್ತವೆ. ಒಂದು ಫ್ಯಾದಮ್ ಎಂದರೆ 6 ಅಡಿ, ಹೆಚ್ಚುಕಡಿಮೆ ನಮ್ಮ ಒಂದು ಮಾರು. 3 ಮಾರು ನೀರಿಗೂ 3 ಮೀಟರ್ ನೀರಿಗೂ ಇರುವ ಅಂತರ ಎರಡೂವರೆ ಮೀಟರ್.

ಎಲ್ಲ ಮುಗಿದ ಮೇಲೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಸೆನ್ಸರಿನ ಪಕ್ಕದಲ್ಲಿ ಇಳಿಬಿಟ್ಟು, ಮೂರು ಬೇರೆಬೇರೆ ಆಳಗಳಲ್ಲಿ ಪರದೆಯೊಡನೆ ತಾಳೆ ನೋಡಬೇಕು. ಈ ಹಗ್ಗ ಬೋಟಿನಲ್ಲಿ ಯಾವಾಗಲೂ ಇರಬೇಕು.

ದಿಕ್ಸೂಚಿ: ಕಬ್ಬಿಣ, ಸ್ಪೀಕರ್, ಮೋಟಾರು ಮತ್ತು ಹೆಚ್ಚು ವಿದ್ಯುತ್ ಹರಿಯುವ ತಂತಿಗಳಿಂದ ಕನಿಷ್ಠ ಒಂದು ಮೀಟರ್ ದೂರ ಇರಿಸಬೇಕು. ಜೋಡಿಸಿದ ಮೇಲೆ ಶಾಂತವಾದ ನೀರಿನಲ್ಲಿ ಬೋಟನ್ನು ನಿಧಾನವಾಗಿ ಪೂರ್ಣ ವೃತ್ತವಾಗಿ ತಿರುಗಿಸಿ, ಉಪಕರಣದ ಸೂಚನೆಯಂತೆ ಹೊಂದಿಸಬೇಕು. ಕಬ್ಬಿಣದ ಬೋಟುಗಳಲ್ಲಿ ಇದನ್ನು ತಪ್ಪಿಸಲೇಬಾರದು.

ಇಂಧನ ಮಾಪಕ: ಟ್ಯಾಂಕಿನ ತೇಲುಗುಂಡಿನ ಮಾಪಕಗಳಲ್ಲಿ ಎರಡು ಬಗೆಗಳಿವೆ. ಯುರೋಪಿನ ಬಗೆಯಲ್ಲಿ ಖಾಲಿ ಟ್ಯಾಂಕಿಗೆ 10 ಓಮ್, ತುಂಬಿದ ಟ್ಯಾಂಕಿಗೆ 180 ಓಮ್. ಅಮೆರಿಕದ ಬಗೆಯಲ್ಲಿ ಖಾಲಿಗೆ 240, ತುಂಬಿದ್ದಕ್ಕೆ 33 ಓಮ್. ಪರಿವರ್ತಕದಲ್ಲಿ ತಪ್ಪು ಬಗೆ ಆಯ್ದರೆ ಡೀಸೆಲ್ ಕಡಿಮೆಯಾದಂತೆಲ್ಲ ಪರದೆಯ ಮುಳ್ಳು ಏರುತ್ತದೆ. ಬೋಟಿನ ಒಡಲಿಗೆ ಹೊಂದುವಂತೆ ಕೆಳಗೆ ಕಿರಿದಾಗಿ ಮಾಡಿದ ಟ್ಯಾಂಕಿನಲ್ಲಿ ಅರ್ಧ ಎತ್ತರ ಎಂದರೆ ಅರ್ಧ ಡೀಸೆಲ್ ಅಲ್ಲ, ಅದಕ್ಕಿಂತ ಕಡಿಮೆ. ಖಾಲಿ ಟ್ಯಾಂಕಿಗೆ ಅಳೆದು ಡೀಸೆಲ್ ತುಂಬಿಸುತ್ತ ಕಾಲು, ಅರ್ಧ, ಮುಕ್ಕಾಲು, ಪೂರ್ಣ ಮಟ್ಟಗಳನ್ನು ಗುರುತಿಸಿಕೊಳ್ಳಬೇಕು. ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿಗೆ ಮನೆಗೆ ಮರಳುವ ಡೀಸೆಲಿನ ಲೆಕ್ಕ ಇದರ ಮೇಲೆ ನಿಂತಿದೆ.

ಎಂಜಿನ್: ವಿದ್ಯುನ್ಮಾನ ನಿಯಂತ್ರಣದ ಎಂಜಿನ್ನಿಗೆ ತನ್ನದೇ ಆದ ಕ್ಯಾನ್ ಜಾಲವಿರುತ್ತದೆ. ಅದರ ತಂತಿಯನ್ನು ಬೋಟಿನ ಜಾಲದ ತಂತಿಗೆ ನೇರವಾಗಿ ಸೇರಿಸಬಾರದು. ನಡುವೆ ಸೂಕ್ತ ಪರಿವರ್ತಕ ಇರಲೇಬೇಕು. ಒಂದು ಕಡೆಯ ದೋಷ ಇನ್ನೊಂದು ಕಡೆಗೆ ಹರಡಿ ಎಂಜಿನ್ನೇ ನಿಲ್ಲುವ ಅಪಾಯ ಇದರಿಂದ ತಪ್ಪುತ್ತದೆ.

ವಿ.ಎಚ್.ಎಫ್. ಮತ್ತು ಅಪಾಯದ ಕರೆ

ಈಗಿನ ಹಲವು ವಿ.ಎಚ್.ಎಫ್. ರೇಡಿಯೋಗಳಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಅಪಾಯದಲ್ಲಿ ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ 70ನೆಯ ಚಾನೆಲಿನಲ್ಲಿ ಬೋಟಿನ ಗುರುತು ಸಂಖ್ಯೆ ಮತ್ತು ಸ್ಥಾನ ತಾನಾಗಿಯೇ ಹೋಗುತ್ತವೆ. ಆಮೇಲೆ 16ನೆಯ ಚಾನೆಲಿನಲ್ಲಿ ಮಾತನಾಡಬೇಕು. ಆದರೆ ಸ್ಥಾನ ಹೋಗಬೇಕಾದರೆ ರೇಡಿಯೋಗೆ ಜಿ.ಪಿ.ಎಸ್. ಮಾಹಿತಿ ಸಿಗುತ್ತಿರಬೇಕು. ಒಳಗೇ ಜಿ.ಪಿ.ಎಸ್. ಇಲ್ಲದ ರೇಡಿಯೋವನ್ನು ಜಾಲಕ್ಕಾಗಲಿ, ಹಳೆಯ 0183 ತಂತಿಯಿಂದ ಜಿ.ಪಿ.ಎಸ್.ಗಾಗಲಿ ಸೇರಿಸದಿದ್ದರೆ ಅದು ಸಹಾಯಕ್ಕಾಗಿ ಕೂಗುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ಎರಡು ಎಳೆಗಳ ಈ ಜೋಡಣೆ ಹಲವು ಬೋಟುಗಳಲ್ಲಿ ಬಿಟ್ಟುಹೋಗುವ ಕೆಲಸ. ಒಂಬತ್ತು ಅಂಕಿಯ ಗುರುತು ಸಂಖ್ಯೆಯನ್ನೂ ಪರವಾನಗಿಯಂತೆ ಪಡೆದು ರೇಡಿಯೋದಲ್ಲಿ ತುಂಬಿಸಿರಬೇಕು. ಭಾರತದ ಬೋಟುಗಳ ಸಂಖ್ಯೆ 419ರಿಂದ ಆರಂಭವಾಗುತ್ತದೆ.

ರೇಡಿಯೋದ ವಿದ್ಯುತ್ ಮಾತ್ರ ಬ್ಯಾಟರಿಯಿಂದ ಬೇರೆಯಾಗಿ ಬರಬೇಕು. ಜಾಲ ಸತ್ತರೂ ರೇಡಿಯೋ ಬದುಕಿರಬೇಕು.

ದೋಷ ಪತ್ತೆ

ಒಂದು ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಬಹುಪಾಲು ದೋಷಗಳನ್ನು ಬೋಟಿನವರೇ ಪತ್ತೆ ಮಾಡಬಹುದು. ಮೊದಲು ಜಾಲದ ವಿದ್ಯುತ್ತನ್ನು ಪೂರ್ತಿ ಆರಿಸಿ, ಯಾವುದಾದರೂ ಒಂದು ಟೀಯಲ್ಲಿ ಬಿಳಿ ಮತ್ತು ನೀಲಿ ಎಳೆಗಳ ಕಡ್ಡಿಗಳ ನಡುವೆ ರೋಧ ಅಳೆಯಬೇಕು.

ಸುಮಾರು 60 ಓಮ್ – ಎರಡೂ ಟರ್ಮಿನೇಟರುಗಳು ಸರಿಯಾಗಿವೆ
ಸುಮಾರು 120 ಓಮ್ – ಒಂದು ಟರ್ಮಿನೇಟರ್ ಇಲ್ಲ, ಅಥವಾ ಮುಖ್ಯ ಕೇಬಲ್ ನಡುವೆ ತುಂಡಾಗಿದೆ
ಸುಮಾರು 40 ಓಮ್ – ಮೂರು ಟರ್ಮಿನೇಟರುಗಳಿವೆ, ಒಂದನ್ನು ತೆಗೆಯಬೇಕು
ಅತಿ ಹೆಚ್ಚು – ಟರ್ಮಿನೇಟರುಗಳೇ ಇಲ್ಲ
ಸೊನ್ನೆಯ ಹತ್ತಿರ – ಎರಡು ಎಳೆಗಳು ಎಲ್ಲೋ ತಾಗಿಕೊಂಡಿವೆ

ಎರಡು 120 ಓಮ್ ರೋಧಕಗಳು ಪಕ್ಕಪಕ್ಕದಲ್ಲಿ ಸೇರಿದಾಗ 60 ಓಮ್ ಆಗುವುದೇ ಈ ಪರೀಕ್ಷೆಯ ಗುಟ್ಟು. ಎರಡೂ ಟರ್ಮಿನೇಟರುಗಳು ಕಣ್ಣಿಗೆ ಕಾಣುತ್ತಿದ್ದೂ 120 ಬಂದರೆ ಒಂದೊಂದೇ ಟೀಯನ್ನು ಬಿಚ್ಚುತ್ತ ಹೋಗಿ ತುಂಡಾದ ಜಾಗವನ್ನು ಹಿಡಿಯಬಹುದು.

ಅನಂತರ ವಿದ್ಯುತ್ ಕೊಟ್ಟು, ಎಲ್ಲ ಉಪಕರಣಗಳೂ ಚಾಲೂ ಇರುವಾಗ, ಎರಡೂ ತುದಿಗಳಲ್ಲಿ ಕೆಂಪು ಮತ್ತು ಕಪ್ಪು ಎಳೆಗಳ ನಡುವಿನ ವೋಲ್ಟೇಜ್ ನೋಡಬೇಕು. 9ಕ್ಕಿಂತ ಸಾಕಷ್ಟು ಮೇಲಿರಬೇಕು. ಕಪ್ಪು ಎಳೆಯಿಂದ ಬಿಳಿ ಮತ್ತು ನೀಲಿಗೆ ಅಳೆದರೆ ಎರಡೂ ಸುಮಾರು 2.5 ವೋಲ್ಟ್ ಆಸುಪಾಸಿನಲ್ಲಿದ್ದು, ಬಿಳಿ ತುಸು ಮೇಲೆ, ನೀಲಿ ತುಸು ಕೆಳಗೆ ಇರಬೇಕು.

ಇಷ್ಟೆಲ್ಲ ಸರಿಯಿದ್ದೂ ಜಾಲ ಕೆಲಸ ಮಾಡದಿದ್ದರೆ ಉಪಕರಣಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ಕೆಟ್ಟ ಒಂದು ಉಪಕರಣ ಎಲ್ಲರ ಬಾಯಿಯನ್ನೂ ಕಟ್ಟಬಹುದು.

ಆಳ ಕಾಣಬೇಕಾದ ಜಾಗದಲ್ಲಿ ಅಂಕಿಗೆ ಬದಲು ಬರಿ ಗೆರೆಗಳು ಕಂಡರೆ ಮಾಹಿತಿ ಬರುತ್ತಿಲ್ಲವೆಂದು ಅರ್ಥ. ಗೆರೆ ಕಂಡಾಗ ಸ್ವಲ್ಪ ಹೊತ್ತಿನ ಹಿಂದೆ ನೋಡಿದ ಅಂಕಿಯನ್ನು ನೆನಪಿಟ್ಟುಕೊಂಡು ಮುಂದುವರಿಯಬಾರದು. ವೇಗ ತಗ್ಗಿಸಿ ಹಗ್ಗ ಇಳಿಬಿಡಬೇಕು.

ಟ್ರ್ಯಾಕ್ಟರಿಗೂ ಇದೇ ಪಾಠ

ಒಳನಾಡಿನ ರೈತರಿಗೂ ಈ ವಿಷಯ ದೂರದ್ದಲ್ಲ. ದೊಡ್ಡ ಟ್ರ್ಯಾಕ್ಟರ್ ಮತ್ತು ಅದರ ಹಿಂದಿನ ಬಿತ್ತನೆ, ಸಿಂಪರಣೆ ಯಂತ್ರಗಳನ್ನು ಜೋಡಿಸುವ ‘ಐಸೋಬಸ್’ ಎಂಬ ಜಾಲವೂ ಕ್ಯಾನ್ ಪದ್ಧತಿಯದೇ. ಅದರ ವೇಗವೂ ಸೆಕೆಂಡಿಗೆ 2,50,000 ಬಿಟ್. ಅದರಲ್ಲಿ ಟ್ರ್ಯಾಕ್ಟರಿನ ಸ್ಥಾನ ತಿಳಿಸುವ ಜಿ.ಪಿ.ಎಸ್. ಸಂದೇಶಗಳನ್ನು ಬೋಟಿನ ಎನ್.ಎಂ.ಇ.ಎ. 2000 ಕ್ರಮದಿಂದಲೇ ತೆಗೆದುಕೊಳ್ಳಲಾಗಿದೆ. ಕನೆಕ್ಟರುಗಳು ಬೇರೆಯಾದುದರಿಂದ ಒಂದರ ಉಪಕರಣವನ್ನು ಇನ್ನೊಂದಕ್ಕೆ ಹಾಕಲಾಗದು. ಆದರೆ ಒಂದೇ ಸಾಲು, ಮುಚ್ಚಿದ ಎರಡು ತುದಿ, ಗಿಡ್ಡ ಕವಲು, ಸಾಕಷ್ಟು ವೋಲ್ಟೇಜ್ ಎಂಬ ನಿಯಮಗಳನ್ನು ಅರಿತವರು ಹೊಲದಲ್ಲಿ ನಿಂತ ಯಂತ್ರದ ದೋಷವನ್ನೂ ಊಹಿಸಬಲ್ಲರು.

ನೆನಪಿಡಬೇಕಾದ ಅಂಶಗಳು

1. ಮುಖ್ಯ ಕೇಬಲ್ ಒಂದೇ ಸಾಲಾಗಿರಲಿ. ಕವಲು 6 ಮೀಟರ್ ಮೀರದಿರಲಿ.
2. ಟರ್ಮಿನೇಟರ್ ಎರಡೇ ಇರಲಿ. ರೋಧ 60 ಓಮ್ ಬರಲಿ.
3. ವಿದ್ಯುತ್ತನ್ನು ಸಾಲಿನ ನಡುವಿನಿಂದ, ಸ್ಟಾರ್ಟರ್ ಬ್ಯಾಟರಿಗೆ ಹೊರತಾದ ಬ್ಯಾಟರಿಯಿಂದ ಕೊಡಬೇಕು.
4. ಆಳಮಾಪಕದ ಹೊಂದಾಣಿಕೆಯನ್ನು ಸೆನ್ಸರಿನಲ್ಲಿಯೇ ಮಾಡಿ, ಹಗ್ಗದಿಂದ ತಾಳೆ ನೋಡಬೇಕು.
5. ರೇಡಿಯೋಗೆ ಜಿ.ಪಿ.ಎಸ್. ಸಂಪರ್ಕ ಇದೆಯೇ ಎಂದು ಪ್ರತಿ ಋತುವಿನ ಆರಂಭದಲ್ಲಿ ಪರೀಕ್ಷಿಸಬೇಕು.
6. ಜೋಡಣೆಯ ನಕ್ಷೆಯನ್ನು ಬರೆದು ಚಾಲಕನ ಕೋಣೆಯಲ್ಲಿ ನೀರು ತಾಗದಂತೆ ಇಡಬೇಕು.

ಈ ಕೆಲಸಗಳಿಗೆ ಎರಡು ದಿನಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ. ಬೋಟು ದಡದಲ್ಲಿರುವ 61 ದಿನಗಳಲ್ಲಿ ಆ ಎರಡು ದಿನಗಳನ್ನು ಮೀಸಲಿಟ್ಟರೆ ಆಗಸ್ಟಿನ ಮೊದಲ ದಿನ ಅಳಿವೆ ದಾಟುವಾಗ ಪರದೆಯ ಅಂಕಿಯನ್ನು ನಂಬಬಹುದು.